ಸಮುದ್ರವಿಲ್ಲದ ಊರಲ್ಲಿ ಯುದ್ಧನೌಕೆ ಮುಳುಗಿಸುವುದು ಹೇಗೆ: ಕಾಲೇಜಿಗೊಂದು ಅಣಕು ನೌಕಾ ಸಮ್ಮೇಳನ

ಧಾರವಾಡದಲ್ಲಿ ನೌಕಾ ಸಮ್ಮೇಳನ ಅಂದರೆ ಮೊದಲು ಎಲ್ಲರೂ ನಗುತ್ತಾರೆ. ನಗಲಿ. ಸಮುದ್ರ ನೋಡಬೇಕೆಂದರೆ ನಾವು ಘಟ್ಟ ಇಳಿದು ಅಂಕೋಲಾಕ್ಕೆ ಹೋಗಬೇಕು, ಇಲ್ಲಿ ಇರುವುದು ಕೆಲಗೇರಿ ಕೆರೆ, ಹುಬ್ಬಳ್ಳಿಯವರಿಗಾದರೆ ಉಣಕಲ್ ಕೆರೆ. ಆದರೆ ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ನಮ್ಮ ಹುಡುಗರ ತಲೆಯಲ್ಲಿ ಬರೀ ಖಾಲಿ ಜಾಗ: ವರ್ಸೇಲ್ಸ್ ಒಪ್ಪಂದ, ಆಮೇಲೆ ಹಿಟ್ಲರ್, ಆಮೇಲೆ ಯುದ್ಧ. ನಡುವೆ ಲಕ್ಷಾಂತರ ಜನ ಬೀದಿಗೆ ಇಳಿದು, ಪತ್ರ ಬರೆದು, ಸಹಿ ಕೂಡಿಸಿ, ಸರ್ಕಾರಗಳ ಕೈಯಿಂದ ನಿಜವಾದ ಹಡಗುಗಳನ್ನು ಒಡೆಸಿದ್ದರು ಅನ್ನೋದು ಗೊತ್ತೇ ಇರುವುದಿಲ್ಲ. ಅದನ್ನು ಒಂದು ದಿನದಲ್ಲಿ ಆಡಿ ತೋರಿಸಬಹುದು. ಹೇಗೆ ಅಂತ ಬರೆಯುತ್ತಿದ್ದೇನೆ. ಗದಗ, ಹಾವೇರಿಯ ಯಾವ ಕಾಲೇಜಿನಲ್ಲಾದರೂ ಮಾಡಬಹುದು, ಖರ್ಚು ಹೆಚ್ಚೆಂದರೆ ಝೆರಾಕ್ಸ್ ಮತ್ತು ಚಹಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಣಕು ಸಂಸತ್ತು, ಅಣಕು ವಿಶ್ವಸಂಸ್ಥೆ ಮಾಡುವವರೆಲ್ಲ ಕೋಟು ಹಾಕಿಕೊಂಡ ಐದು ದೇಶಗಳ ಪ್ರತಿನಿಧಿಗಳನ್ನು ಮೇಜಿಗೆ ಕೂರಿಸಿ ಮುಗಿಸುತ್ತಾರೆ. ಉಳಿದವರು ಸುಮ್ನೆ ಕುರ್ಚಿ ಮೇಲೆ ಕೂತು ಆಕಳಿಸುತ್ತಾರೆ. ಈ ಆಟದಲ್ಲಿ ಹಾಗೆ ಮಾಡಬೇಡಿ. ಅರ್ಧದಷ್ಟು ಹುಡುಗರು ಬಾಗಿಲ ಹೊರಗೆ ಇರಬೇಕು. ಒಳಗಿನ ಲೆಕ್ಕ ಬದಲಾಗಿದ್ದೇ ಹೊರಗಿನವರ ಕಾಟದಿಂದ.

ಯಾರು ಯಾರು

ನಲವತ್ತು ಜನ ಇದ್ದಾರೆ ಅಂದುಕೊಳ್ಳೋಣ. ಮೇಜಿಗೆ ಐದು ದೇಶ, ತಲಾ ಮೂವರು: ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಇಟಲಿ. ಇನ್ನೊಬ್ಬರು ಭಾರತದ ಪ್ರತಿನಿಧಿ. ಹೌದು, ಭಾರತಕ್ಕೂ ಅಲ್ಲಿ ಕುರ್ಚಿ ಇತ್ತು. 1921ರ ನವೆಂಬರ್ 12ರಂದು ವಾಷಿಂಗ್ಟನ್‌ನಲ್ಲಿ ಶುರುವಾದ, ಯುದ್ಧನೌಕೆಗಳನ್ನು ಕಡಿಮೆ ಮಾಡಿಕೊಳ್ಳುವ ಸಮ್ಮೇಳನಕ್ಕೆ ಬ್ರಿಟಿಷ್ ಸಾಮ್ರಾಜ್ಯದ ತಂಡದಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿ ಹೋಗಿದ್ದರು, 1922ರ ಫೆಬ್ರವರಿ 6ರ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿಯನ್ನೂ ಹಾಕಿದರು. ಪತ್ರಕರ್ತರಾಗಿ ನಾಲ್ವರು. ಉಳಿದ ಇಪ್ಪತ್ತು ಜನ ಬಾಗಿಲ ಹೊರಗೆ.

ಹೊರಗಿನವರನ್ನು ಒಂದೇ ಗುಂಪು ಮಾಡಬೇಡಿ. ಒಂದು ತಂಡ ಮಹಿಳೆಯರದ್ದು. ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತರರಾಷ್ಟ್ರೀಯ ಸಂಘ ಅಂತ ಒಂದಿತ್ತು. 1915ರಲ್ಲಿ ಯುದ್ಧ ನಡೆಯುತ್ತಿರುವಾಗಲೇ ಹೇಗ್ ಊರಲ್ಲಿ ಸೇರಿದ ಹೆಂಗಸರಿಂದ ಹುಟ್ಟಿದ್ದು ಅದು. ಅಧ್ಯಕ್ಷೆ ಜೇನ್ ಆಡಮ್ಸ್, ಮುಂದೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಇನ್ನೊಂದು ತಂಡ ಧರ್ಮದ ಕಾರಣಕ್ಕೆ ಯುದ್ಧ ಬೇಡ ಅನ್ನುವ ಕ್ವೇಕರ್ ತರಹದವರು. ಮತ್ತೊಂದು ತಂಡ ತೆರಿಗೆ ಕಟ್ಟಿ ಸೋತವರು. ಇವರಿಗೆ ಶಾಂತಿಯ ಆದರ್ಶಕ್ಕಿಂತ ಹಡಗಿನ ಬಿಲ್ಲು ಜಾಸ್ತಿ ನೋವು ಕೊಡುತ್ತದೆ. ಕೊನೆಯದಾಗಿ ನೌಕಾಪಡೆಯ ಅಭಿಮಾನಿಗಳದ್ದೂ ಒಂದು ತಂಡ ಬೇಕೇ ಬೇಕು. ಹೊರಗಿದ್ದವರೆಲ್ಲ ಬಿಳಿ ಪಾರಿವಾಳ ಹಿಡಿದು ನಿಂತಿದ್ದರು ಅಂತ ತೋರಿಸಿದರೆ ಅದು ಸುಳ್ಳಾಗುತ್ತದೆ.

ಹುಣಸೆ ಬೀಜದ ಲೆಕ್ಕ

ಯುದ್ಧನೌಕೆಗಳ ಬಲ ಅಳೆಯೋದು ಟನ್ ಲೆಕ್ಕದಲ್ಲಿ. ಐದು ಲಕ್ಷ ಇಪ್ಪತ್ತೈದು ಸಾವಿರ ಟನ್ ಅಂತ ಬೋರ್ಡ್ ಮೇಲೆ ಬರೆದರೆ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಆದರೆ ವಾಷಿಂಗ್ಟನ್ ಒಪ್ಪಂದದಲ್ಲೇ ಒಂದು ಅನುಕೂಲ ಇದೆ. ಒಂದು ದೊಡ್ಡ ಯುದ್ಧನೌಕೆ 35,000 ಟನ್ ಮೀರಬಾರದು, ಅದರ ಫಿರಂಗಿಯ ಬಾಯಿ 16 ಇಂಚು ಮೀರಬಾರದು ಅಂತ ಮಿತಿ ಹಾಕಿದ್ದರು. ದೇಶಗಳಿಗೆ ಕೊಟ್ಟ ಒಟ್ಟು ಮಿತಿ: ಅಮೆರಿಕ, ಬ್ರಿಟನ್‌ಗೆ ತಲಾ 5,25,000 ಟನ್, ಜಪಾನ್‌ಗೆ 3,15,000, ಫ್ರಾನ್ಸ್, ಇಟಲಿಗೆ ತಲಾ 1,75,000. ಇದನ್ನು 35,000ದಿಂದ ಭಾಗಿಸಿ ನೋಡಿ. 15, 15, 9, 5, 5. ಪಕ್ಕಾ ಬರುತ್ತದೆ, ಶೇಷ ಇಲ್ಲ. ಅಂದರೆ ಒಂದು ಹುಣಸೆ ಬೀಜ 35,000 ಟನ್ನಿನ ಒಂದು ನೌಕೆ.

ಆಟ ಶುರುವಾಗುವಾಗ ಕೈಯಲ್ಲಿ ಇದಕ್ಕಿಂತ ಬಹಳ ಜಾಸ್ತಿ ಇರಬೇಕು. ಇದ್ದ ಹಡಗು, ಕಟ್ಟುತ್ತಿದ್ದ ಹಡಗು, ಕಟ್ಟಬೇಕೆಂದು ತೀರ್ಮಾನಿಸಿದ ಹಡಗು ಎಲ್ಲ ಸೇರಿಸಿ ಟನ್ ಲೆಕ್ಕದಲ್ಲಿ ಭಾಗಿಸಿದರೆ ಹತ್ತಿರ ಹತ್ತಿರ ಅಮೆರಿಕಕ್ಕೆ 38 ಬೀಜ, ಬ್ರಿಟನ್‌ಗೆ 34, ಜಪಾನ್‌ಗೆ 21, ಫ್ರಾನ್ಸ್‌ಗೆ 6, ಇಟಲಿಗೆ 5 ಬರುತ್ತದೆ. ಹೀಗೆ ನೂರಾನಾಲ್ಕು ಬೀಜ ಹಂಚಿ. ಮೇಜಿನ ನಡುವೆ ಒಂದು ಹಿತ್ತಾಳೆ ಕೊಡ ಇಡಿ, ಒಡೆಯಲು ಒಪ್ಪಿಕೊಂಡ ಪ್ರತಿ ನೌಕೆಯನ್ನು ಎಲ್ಲರಿಗೂ ಕೇಳುವಂತೆ ಅದರೊಳಗೆ ಹಾಕಬೇಕು. ಪ್ಲಾಸ್ಟಿಕ್ ಬಕೆಟ್ ಬೇಡ, ಸದ್ದು ಬರುವುದಿಲ್ಲ.

ಭಾರತದ ಪ್ರತಿನಿಧಿಗೆ ಬೀಜ ಕೊಡಬೇಡಿ. ಒಂದು ಪೆನ್ನು ಕೊಡಿ. ಆ ಹುಡುಗನೋ ಹುಡುಗಿಯೋ ಸ್ವಲ್ಪ ಹೊತ್ತಿನಲ್ಲೇ ಕೇಳುತ್ತಾರೆ, ನನಗ್ಯಾಕೆ ಇಲ್ಲ ಅಂತ. ಉತ್ತರ ಹೇಳಲು ಹೋಗಬೇಡಿ, ಬ್ರಿಟನ್ ತಂಡದವರನ್ನೇ ಕೇಳು ಅನ್ನಿ.

ಮೊದಲ ಸುತ್ತು: ವಾಷಿಂಗ್ಟನ್

ಇದಕ್ಕೆ ಒಂದೂವರೆ ತಾಸು ಬೇಕು. ಶುರುವಿಗೆ ಬಾಗಿಲು ತೆರೆದೇ ಇರಲಿ, ಹೊರಗಿನವರೂ ಒಳಗೆ ನಿಂತು ಕೇಳಲಿ. ಯಾಕೆಂದರೆ ಅಂದು ನಿಜವಾಗಿ ನಡೆದದ್ದೂ ಹಾಗೇ. ಸ್ವಾಗತ ಭಾಷಣ ಮಾಡಿ ಕೂರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾಗ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎದ್ದು ನಿಂತು, ಹತ್ತು ವರ್ಷ ದೊಡ್ಡ ನೌಕೆ ಕಟ್ಟುವುದೇ ಬೇಡ, ನಾವು 8,45,740 ಟನ್ನಿನ 30 ನೌಕೆ ಒಡೆಯುತ್ತೇವೆ ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬ್ರಿಟನ್ ಇಷ್ಟು ಒಡೆಯಲಿ, ಜಪಾನ್ ಇಷ್ಟು ಒಡೆಯಲಿ ಅಂತ ಅವರವರ ಹಡಗುಗಳ ಹೆಸರು ಹಿಡಿದು ಓದಿದರು. ಮೂರೂ ದೇಶ ಸೇರಿ 66 ನೌಕೆ, 18,78,043 ಟನ್. ಬ್ರಿಟಿಷ್ ನೌಕಾಧಿಕಾರಿಗಳು ಎದುರಿಗೇ ಕೂತಿದ್ದರು, ಅವರ ಮುಖ ಹೇಗಾಗಿರಬೇಡ.

ಆದ್ದರಿಂದ ಅಮೆರಿಕ ತಂಡದ ಮುಖ್ಯಸ್ಥರಿಗೆ ಮಾತ್ರ ಈ ಭಾಷಣ ಮೊದಲೇ ಕೊಟ್ಟಿರಿ. ಅವರದೇ ತಂಡದ ಉಳಿದಿಬ್ಬರಿಗೂ ಹೇಳಬೇಡಿ. ಭಾಷಣ ಮುಗಿದ ಕೂಡಲೇ ಹೊರಗಿನವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿ. ಗಲಾಟೆ ಆಗುತ್ತದೆ, ಆಗಲಿ. ವಾಷಿಂಗ್ಟನ್‌ನಲ್ಲೂ ನಿಜವಾದ ಚೌಕಾಸಿಯೆಲ್ಲ ಮುಚ್ಚಿದ ಕೋಣೆಗಳಲ್ಲೇ ನಡೆದದ್ದು.

ಇನ್ನು ಗುಪ್ತ ಚೀಟಿಗಳು. ಪ್ರತಿ ದೇಶಕ್ಕೂ ಒಂದು ಚೀಟಿ ಬರೆಯಿರಿ: ನೀವು ಏನು ಕೇಳಬೇಕು, ಕೊನೆಗೆ ಎಲ್ಲಿಯವರೆಗೆ ಇಳಿಯಬಹುದು. ಜಪಾನ್ ಚೀಟಿಯಲ್ಲಿ ಹೀಗಿರಲಿ: ಅಮೆರಿಕದ ಹತ್ತಕ್ಕೆ ನಮ್ಮದು ಏಳು ಬೇಕು, ಆಗದೇ ಹೋದರೆ ಹತ್ತಕ್ಕೆ ಆರು, ಆದರೆ ಆಗ ಫಿಲಿಪೀನ್ಸ್ ಕಡೆಯ ದ್ವೀಪಗಳಲ್ಲಿ ಅಮೆರಿಕ ಹೊಸ ಕೋಟೆ ಕಟ್ಟಬಾರದು ಅನ್ನುವ ಷರತ್ತು ಬೇಕು. ಫ್ರಾನ್ಸ್ ಚೀಟಿಯಲ್ಲಿ: ಇಟಲಿಗೆ ಸಮ ಅಂದರೆ ಅವಮಾನ, ಜಲಾಂತರ್ಗಾಮಿಗಳ ಮೇಲೆ ಮಿತಿ ಒಪ್ಪಲೇಬೇಡಿ. ಇಟಲಿಗೆ ಫ್ರಾನ್ಸ್‌ಗೆ ಸಮ ಸಿಕ್ಕರೆ ಸಾಕು, ಅವರು ಖುಷಿಯಾಗಿರುತ್ತಾರೆ. ಬ್ರಿಟನ್‌ಗೆ ಜಲಾಂತರ್ಗಾಮಿಯೇ ಬೇಡ, ಹಿಂದಿನ ಯುದ್ಧದಲ್ಲಿ ಅವುಗಳಿಂದ ಪೆಟ್ಟು ತಿಂದವರು.

ಅಮೆರಿಕ ತಂಡಕ್ಕೆ ಮಾತ್ರ ಚಹಾ ಬಿಡುವಿನ ನಂತರ ಎರಡನೇ ಚೀಟಿ ಕೊಡಿ. ಅದರಲ್ಲಿ ಜಪಾನಿನ ಚೀಟಿಯ ನಕಲು ಇರಲಿ. ಇದೇನು ಮೋಸ ಅಂತ ಕೇಳಿದರೆ ನಡೆದದ್ದನ್ನೇ ಹೇಳಿ. ಹರ್ಬರ್ಟ್ ಯಾರ್ಡ್ಲಿ ಅನ್ನುವವನ ಗುಪ್ತ ಕಚೇರಿ ಟೋಕಿಯೋದಿಂದ ಬರುತ್ತಿದ್ದ ತಂತಿಗಳನ್ನು ಒಡೆದು ಓದುತ್ತಿತ್ತು, ಜಪಾನ್ ಆರಕ್ಕೆ ಇಳಿಯುತ್ತದೆ ಅಂತ ಅಮೆರಿಕದವರಿಗೆ ಮೊದಲೇ ಗೊತ್ತಿತ್ತು. 1931ರಲ್ಲಿ ಆತನೇ ಅದನ್ನು ಪುಸ್ತಕ ಬರೆದು ಬಯಲು ಮಾಡಿದ. ಜಪಾನ್ ತಂಡದ ಹುಡುಗರಿಗೆ ಇದನ್ನು ಸಂಜೆಯವರೆಗೂ ಹೇಳಬೇಡಿ. ಅವರಿಗೆ ಬರುವ ಸಿಟ್ಟು ನೋಡುವಂತಿರುತ್ತದೆ, ಒಂದು ಇಡೀ ಪಾಠ ಅಷ್ಟರಲ್ಲೇ ಮುಗಿದುಹೋಗುತ್ತದೆ.

ಜಪಾನ್‌ಗೆ ಇನ್ನೊಂದು ಹಟ ಕೊಡಿ: ಮುತ್ಸು. ಆ ನೌಕೆ ಇನ್ನೂ ಕಟ್ಟಿ ಮುಗಿದಿಲ್ಲ, ಒಡೆಯಿರಿ ಅಂತ ಹ್ಯೂಸ್ ಪಟ್ಟಿಯಲ್ಲಿತ್ತು. ಮುಗಿದಿದೆ ಅಂತ ಜಪಾನ್ ಪಟ್ಟು ಹಿಡಿಯಿತು. ಶಾಲಾ ಮಕ್ಕಳೂ ಚಂದಾ ಕೊಟ್ಟು ಕಟ್ಟಿಸಿದ ಹಡಗು, ಅದನ್ನು ಒಡೆದು ಊರಿಗೆ ಹೇಗೆ ಹೋಗುವುದು? ಕೊನೆಗೆ ಮುತ್ಸು ಉಳಿಯಿತು. ಅದಕ್ಕೆ ಪ್ರತಿಯಾಗಿ ಅಮೆರಿಕ ತನ್ನ ಎರಡು ಹೊಸ ನೌಕೆ ಮುಗಿಸಿಕೊಂಡಿತು, ಬ್ರಿಟನ್ ಎರಡು ಹೊಸದನ್ನು ಕಟ್ಟಿಕೊಂಡಿತು. ಜಾತ್ರೆಗೆ ವರ್ಗಣಿ ಎತ್ತಿ ರಥ ಮಾಡಿಸಿದ ಊರಿನವರಿಗೆ ಆ ರಥ ಮುರಿಯಿರಿ ಅಂದರೆ ಹೇಗಿರುತ್ತದೋ ಹಾಗೆ. ಹಾವೇರಿ ಕಡೆಯ ಹುಡುಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕಲ್ಲುಕಬ್ಬಿಣದ ಲೆಕ್ಕದೊಳಗೆ ಮಾನದ ಪ್ರಶ್ನೆ ಹೇಗೆ ನುಸುಳುತ್ತದೆ ಅನ್ನೋದು ಈ ಒಂದು ಬೀಜದಲ್ಲಿ ಗೊತ್ತಾಗುತ್ತದೆ.

ಹೊರಗಿನವರು ಅಷ್ಟೊತ್ತು ಏನು ಮಾಡಬೇಕು

ಘೋಷಣೆ ಕೂಗುವುದು ಮಾತ್ರ ಅಲ್ಲ, ಅದು ಹತ್ತು ನಿಮಿಷಕ್ಕೆ ಬೇಜಾರು. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಟಪಾಲು ಒಳಗೆ ಹೋಗಬೇಕು. ಅದರಲ್ಲಿ ಒಂದು ಪತ್ರವನ್ನು ಮೇಜಿನವರು ಗಟ್ಟಿಯಾಗಿ ಓದಿ ಉತ್ತರ ಕೊಡಲೇಬೇಕು. ಪತ್ರಕರ್ತರು ಮಾತ್ರ ಒಳಗೂ ಹೊರಗೂ ಓಡಾಡಬಹುದು. ಅವರು ಬರೆದ ಸುದ್ದಿ ಗೋಡೆಗೆ ಅಂಟಿಸಬೇಕು, ತಪ್ಪು ಸುದ್ದಿ ಬರೆದರೂ ತಡೆಯಬೇಡಿ.

ಹೊರಗಿನವರಿಗೆ ಬಲ ಇರಬೇಕಾದರೆ ಕೊನೆಯ ಮತ ಅವರ ಕೈಯಲ್ಲಿರಬೇಕು. ಅಮೆರಿಕದಲ್ಲಿ ಒಪ್ಪಂದ ಜಾರಿಯಾಗಲು ಸೆನೆಟ್‌ನ ಮೂರರಲ್ಲಿ ಎರಡು ಪಾಲು ಬೇಕು. ಸಮ್ಮೇಳನಕ್ಕೆ ಮೊದಲೇ, 1920ರ ಡಿಸೆಂಬರ್‌ನಲ್ಲಿ, ಸೆನೆಟರ್ ವಿಲಿಯಂ ಬೋರಾ ಅಮೆರಿಕ, ಬ್ರಿಟನ್, ಜಪಾನ್ ಮೂರೂ ನೌಕೆ ಕಟ್ಟುವುದನ್ನು ಅರ್ಧಕ್ಕೆ ಇಳಿಸಲಿ ಅಂತ ಠರಾವು ತಂದಿದ್ದರು, ಅದರ ಹಿಂದೆ ಮಹಿಳಾ ಸಂಘಗಳು, ಚರ್ಚುಗಳು ಬಿದ್ದವು, ಸರ್ಕಾರಕ್ಕೆ ಸಮ್ಮೇಳನ ಕರೆಯದೆ ದಾರಿಯೇ ಉಳಿಯಲಿಲ್ಲ. ಅದಕ್ಕೆ ಈ ನಿಯಮ: ಸುತ್ತು ಮುಗಿದ ಮೇಲೆ ಹೊರಗಿನ ಇಪ್ಪತ್ತು ಜನರಲ್ಲಿ ಹದಿನಾಲ್ಕು ಕೈ ಎದ್ದರೆ ಮಾತ್ರ ಒಪ್ಪಂದ ಪಾಸು. ಆಗ ನೋಡಿ ಒಳಗಿನವರು ಪತ್ರಗಳನ್ನು ಹೇಗೆ ಓದುತ್ತಾರೆ ಅಂತ.

ಊಟದ ಬಿಡುವಿನಲ್ಲಿ ಒಬ್ಬ ಕಳ್ಳ

ಗಿರ್ಮಿಟ್, ಮಿರ್ಚಿ ತರಿಸಿ, ಎಲ್ಲರೂ ಒಟ್ಟಿಗೆ ನಿಂತು ತಿನ್ನಲಿ. ನಮ್ಮ ಕಡೆ ನಿಜವಾದ ಮಾತುಕತೆ ನಡೆಯುವುದೇ ಆ ಹೊತ್ತಿನಲ್ಲಿ ಅಲ್ವಾ. ಎರಡನೇ ಸುತ್ತು 1927ರ ಜಿನೀವಾ. ಈ ಸಲ ಕ್ರೂಸರ್‌ಗಳ ಲೆಕ್ಕ, ಅಂದರೆ ದೊಡ್ಡ ನೌಕೆಗಿಂತ ಚಿಕ್ಕವು, ವಾಷಿಂಗ್ಟನ್‌ನಲ್ಲಿ ಇವುಗಳ ಸಂಖ್ಯೆಗೆ ಮಿತಿ ಹಾಕಿರಲಿಲ್ಲ. ಫ್ರಾನ್ಸ್, ಇಟಲಿ ಬರಲೇ ಇಲ್ಲ, ಆ ಎರಡು ತಂಡಗಳನ್ನು ಹೊರಗಿನವರ ಜೊತೆ ಸೇರಿಸಿಬಿಡಿ. ಹೊರಗಿನವರಲ್ಲಿ ಒಬ್ಬರನ್ನು ಬೆಳಿಗ್ಗೆಯೇ ಗುಟ್ಟಾಗಿ ಕರೆದು, ಬ್ರಿಟನ್ ಮೋಸ ಮಾಡುತ್ತಿದೆ, ಮಾತುಕತೆ ಮುರಿಯಲಿ ಅನ್ನುವ ಸುದ್ದಿ ಹಬ್ಬಿಸು ಅಂತ ಹೇಳಿ ಕಿಸೆಯಲ್ಲಿ ಒಂದು ಪೇಢೆ ಇಟ್ಟಿರಿ.

ಇದೂ ಕಟ್ಟುಕಥೆ ಅಲ್ಲ. ವಿಲಿಯಂ ಶಿಯರರ್ ಅನ್ನುವವನು ಜಿನೀವಾದಲ್ಲಿ ಪತ್ರಕರ್ತರ ಜೊತೆ, ನೌಕಾಧಿಕಾರಿಗಳ ಜೊತೆ ಓಡಾಡಿಕೊಂಡು ಇದೇ ಕೆಲಸ ಮಾಡಿದ. ಸಮ್ಮೇಳನ ಆಗಸ್ಟ್ 4ಕ್ಕೆ ಮುರಿದುಬಿತ್ತು. ಬಿದ್ದದ್ದು ಅವನೊಬ್ಬನಿಂದಲೇ ಅಲ್ಲ. ಬ್ರಿಟನ್‌ಗೆ ತನ್ನ ಸಮುದ್ರ ದಾರಿಗಳನ್ನು ಕಾಯಲು 70 ಕ್ರೂಸರ್ ಬೇಕಿತ್ತು, ಅಮೆರಿಕಕ್ಕೆ 8 ಇಂಚಿನ ಫಿರಂಗಿ ಹೊತ್ತ ದೊಡ್ಡ ಕ್ರೂಸರ್ ಬೇಕಿತ್ತು, ಎರಡೂ ಒಂದೇ ಒಟ್ಟು ಮಿತಿಯೊಳಗೆ ಕೂರಲಿಲ್ಲ. ಆದರೆ 1929ರಲ್ಲಿ ಶಿಯರರ್ ಮೂರು ಅಮೆರಿಕನ್ ಹಡಗು ಕಂಪನಿಗಳ ಮೇಲೆ ದಾವೆ ಹೂಡಿದ: ನನಗೆ ಕೊಡಬೇಕಾದ ಎರಡೂವರೆ ಲಕ್ಷ ಡಾಲರ್‌ಗೂ ಜಾಸ್ತಿ ಹಣ ಬಾಕಿ ಇದೆ, ಕೊಡಿಸಿ ಅಂತ! ಕೂಲಿ ಕೇಳಲು ಹೋಗಿ ಮಾಡಿದ ಕೆಲಸವನ್ನು ಕೋರ್ಟಿನಲ್ಲಿ ತಾನೇ ಒಪ್ಪಿಕೊಂಡಂತಾಯಿತು. ಸೆನೆಟ್ ವಿಚಾರಣೆ ನಡೆಯಿತು, ಶಾಂತಿ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. ಸುತ್ತು ಮುಗಿದ ಮೇಲೆ ಪೇಢೆ ಯಾರ ಹತ್ತಿರ ಇದೆ ಅಂತ ಎಲ್ಲರೂ ಹುಡುಕಲಿ.

ನಡುವೆ 1928ರ ಕೆಲಾಗ್–ಬ್ರಿಯಾಂ ಒಪ್ಪಂದಕ್ಕೆ ಎರಡು ನಿಮಿಷ ಸಾಕು. ಒಂದು ಹಾಳೆ ಕೊಟ್ಟು ಯುದ್ಧವನ್ನೇ ಬಿಡುತ್ತೇವೆ ಅಂತ ಎಲ್ಲರಿಂದ ಸಹಿ ಹಾಕಿಸಿ, ಭಾರತದಿಂದಲೂ. ಹದಿನೈದು ಸಹಿ ಬಿದ್ದವು ಆವತ್ತು. ಕೊಡಕ್ಕೆ ಒಂದು ಬೀಜವೂ ಬೀಳಲಿಲ್ಲ.

ಲಂಡನ್, ಮತ್ತು ಮೋಟೆಬೆನ್ನೂರಿನ ಹುಡುಗ

1930ರ ಲಂಡನ್ ಸಮ್ಮೇಳನ ಜನವರಿ 21ರಿಂದ ಏಪ್ರಿಲ್ 22ರವರೆಗೆ ನಡೆಯಿತು. ಬ್ರಿಟನ್ ಪ್ರಧಾನಿ ರಾಮ್ಸೇ ಮ್ಯಾಕ್‌ಡೊನಾಲ್ಡ್ ಅಧ್ಯಕ್ಷರು. ವಾಷಿಂಗ್ಟನ್ ಮಿತಿ ಟನ್ನಿನದು, ಈಗ ಅಮೆರಿಕ, ಬ್ರಿಟನ್, ಜಪಾನ್ ದೊಡ್ಡ ನೌಕೆಗಳ ಸಂಖ್ಯೆಯನ್ನೇ ನಿಜವಾಗಿ 15, 15, 9ಕ್ಕೆ ಇಳಿಸಿಕೊಂಡವು. ದೊಡ್ಡ ಕ್ರೂಸರ್‌ಗಳು ಅಮೆರಿಕಕ್ಕೆ 18, ಬ್ರಿಟನ್‌ಗೆ 15, ಜಪಾನ್‌ಗೆ 12. ಇವಕ್ಕೆ ಅಲಸಂದಿ ಕಾಳು ಬಳಸಿ.

ಈ ಸುತ್ತಿನಲ್ಲಿ ಹೊರಗಿನವರ ನಡುವೆಯೇ ಒಂದು ಹೊಸ ಗುಂಪು ಹುಟ್ಟಬೇಕು. ಲಂಡನ್ನಿನಲ್ಲಿ ಮಂತ್ರಿಗಳು ಕ್ರೂಸರ್ ಎಣಿಸುತ್ತಿದ್ದ ಅದೇ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟರು. ಆ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಮೈಲಾರ ಮಹಾದೇವಪ್ಪ ಒಬ್ಬರೇ, ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನವರು, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಏಪ್ರಿಲ್ 13ಕ್ಕೆ ನಮ್ಮ ಅಂಕೋಲಾದಲ್ಲಿ ಜನ ಉಪ್ಪಿನ ಕಾನೂನು ಮುರಿದರು. ಒಂಬತ್ತು ದಿನದ ಮೇಲೆ ಭಾರತದ ಪರವಾಗಿ ಲಂಡನ್ ಒಪ್ಪಂದಕ್ಕೆ ಸಹಿ ಹಾಕಿದವರು ಹೈಕಮಿಷನರ್ ಅತುಲ್ ಚಟರ್ಜಿ. ಹೊರಗಿನ ಈ ಗುಂಪು ಬಾಗಿಲಲ್ಲಿ ಒಂದು ಹಿಡಿ ಉಪ್ಪು ಇಟ್ಟು ಒಂದೇ ಪತ್ರ ಕಳಿಸಲಿ: ಈ ಸಹಿ ಯಾರದು? ಪೆನ್ನು ಹಿಡಿದು ಕೂತವರು ಉತ್ತರ ಕೊಡಬೇಕು. ಇಡೀ ದಿನದಲ್ಲಿ ಒಳ್ಳೆಯ ಜಗಳ ಆಗುವುದು ಇಲ್ಲೇ, ಸಮಯ ಮೀರಿದರೂ ನಿಲ್ಲಿಸಬೇಡಿ. ಯುರೋಪಿನ ಶಾಂತಿ ಹೋರಾಟ ಮತ್ತು ನಮ್ಮ ಸ್ವಾತಂತ್ರ್ಯ ಹೋರಾಟ ಎರಡೂ ಆಯುಧ ಹಿಡಿಯದ ಹೋರಾಟಗಳೇ ಆಗಿದ್ದರೂ ಎಲ್ಲಿ ಜೊತೆಯಾಗುತ್ತವೆ, ಎಲ್ಲಿ ಒಂದರ ಕಾಲು ಇನ್ನೊಂದು ತುಳಿಯುತ್ತದೆ ಅಂತ ಹುಡುಗರೇ ಹುಡುಕಿಕೊಳ್ಳಲಿ.

ನೌಕಾಪಡೆ ಅಭಿಮಾನಿಗಳ ಸರದಿಯೂ ಈ ಸುತ್ತಿನಲ್ಲೇ ಬರುತ್ತದೆ. ಲಂಡನ್ ಒಪ್ಪಂದ ಒಪ್ಪಿದ್ದಕ್ಕೆ ಜಪಾನ್ ಪ್ರಧಾನಿ ಹಮಾಗುಚಿ ಮೇಲೆ ಸಿಟ್ಟು ಎದ್ದಿತು. ನವೆಂಬರ್ 14ರಂದು ಟೋಕಿಯೋ ರೈಲು ನಿಲ್ದಾಣದಲ್ಲಿ ಅವರಿಗೆ ಗುಂಡು ಹಾರಿಸಿದರು, ಮರುವರ್ಷ ಆಗಸ್ಟ್‌ನಲ್ಲಿ ಹಮಾಗುಚಿ ತೀರಿಕೊಂಡರು. ಇದನ್ನು ಆಡಿ ತೋರಿಸಬೇಡಿ. ಗೋಡೆ ಪತ್ರಿಕೆಯಲ್ಲಿ ಒಂದು ಸಾಲು ಬರಲಿ ಸಾಕು.

ಒಂದು ವಾರ ಮುಂಚೆ ಮಾಡಬೇಕಾದ ಕೆಲಸ

ಇದನ್ನು ಕೊನೆಗೆ ಹೇಳುತ್ತಿದ್ದೇನೆ, ಆದರೆ ಮೊದಲು ಮಾಡಬೇಕಾದದ್ದು. ಬ್ರಿಟನ್ನಿನಲ್ಲಿ 1934–35ರಲ್ಲಿ ಶಾಂತಿ ಮತದಾನ ಅಂತ ನಡೆಯಿತು. ಸರ್ಕಾರ ನಡೆಸಿದ್ದಲ್ಲ, ಲಾರ್ಡ್ ರಾಬರ್ಟ್ ಸೆಸಿಲ್ ಮುಂದಾಳತ್ವದಲ್ಲಿ ಲೀಗ್ ಆಫ್ ನೇಷನ್ಸ್ ಯೂನಿಯನ್ ಅನ್ನುವ ಸಂಘ ನಡೆಸಿದ್ದು. ಸುಮಾರು ಐದು ಲಕ್ಷ ಸ್ವಯಂಸೇವಕರು ಮನೆ ಮನೆಗೆ ಹೋಗಿ 18 ದಾಟಿದವರಿಂದ ಸುಮಾರು ಒಂದು ಕೋಟಿ ಹದಿನೈದು ಲಕ್ಷ ಮತ ಕೂಡಿಸಿದರು. ಅದನ್ನೇ ನಿಮ್ಮ ಊರಲ್ಲಿ ಚಿಕ್ಕದಾಗಿ ಮಾಡಿ. ಐದು ಪ್ರಶ್ನೆ: ದೇಶ ರಾಷ್ಟ್ರಸಂಘದಲ್ಲಿ (ಲೀಗ್ ಆಫ್ ನೇಷನ್ಸ್) ಉಳಿಯಬೇಕೇ? ಎಲ್ಲ ದೇಶ ಒಪ್ಪಿಕೊಂಡು ಆಯುಧ ಕಡಿಮೆ ಮಾಡಬೇಕೇ? ಎಲ್ಲರೂ ಒಪ್ಪಿದರೆ ಯುದ್ಧವಿಮಾನಗಳನ್ನು ಪೂರಾ ಕೈಬಿಡಬೇಕೇ? ಖಾಸಗಿ ಲಾಭಕ್ಕೆ ಆಯುಧ ತಯಾರಿಸಿ ಮಾರುವುದನ್ನು ನಿಷೇಧಿಸಬೇಕೇ? ಒಂದು ದೇಶ ಇನ್ನೊಂದರ ಮೇಲೆ ಬಿದ್ದರೆ ಉಳಿದವರು ಸೇರಿ ಅದನ್ನು ತಡೆಯಬೇಕೇ, ವ್ಯಾಪಾರ ನಿಲ್ಲಿಸಿ, ಬೇಕಾದರೆ ಸೈನ್ಯ ಕಳಿಸಿ? ಕೊನೆಯದನ್ನು ಎರಡು ಭಾಗ ಮಾಡಿ. ಅಲ್ಲೇ ಗಂಟು ಇರೋದು. ಆಯುಧ ಕಡಿಮೆ ಮಾಡಲು ಒಂದು ಕೋಟಿಗೂ ಜಾಸ್ತಿ ಜನ ಹೌದು ಅಂದರು, ಸೈನ್ಯ ಕಳಿಸುವ ಮಾತಿಗೆ ಹೌದು ಅಂದವರು ಸುಮಾರು 68 ಲಕ್ಷ, ಬೇಡ ಅಂದವರು 23 ಲಕ್ಷಕ್ಕೂ ಜಾಸ್ತಿ.

ಫಾರಂ ವಾಟ್ಸ್‌ಆಪ್‌ನಲ್ಲಿ ಕಳಿಸಬೇಡಿ, ಹುಡುಗರು ಕಾಲಲ್ಲಿ ನಡೆಯಲಿ. ಲೈನ್ ಬಜಾರ್, ಸುಭಾಸ್ ರಸ್ತೆ, ಹುಬ್ಬಳ್ಳಿಯಾದರೆ ಸಂಜೆ ದುರ್ಗದಬೈಲ್. ಅಂಗಡಿಯವರನ್ನು ಗಿರಾಕಿ ಇಲ್ಲದ ಹೊತ್ತು ನೋಡಿ ಮಾತಾಡಿಸಿ. ಬ್ಯಾಡಗಿಯವರು ಮೆಣಸಿನಕಾಯಿ ಮಾರುಕಟ್ಟೆಯ ಹರಾಜಿನ ಹೊತ್ತಿನಲ್ಲಿ ಹೋದರೆ ಯಾರೂ ತಲೆ ಎತ್ತುವುದಿಲ್ಲ, ಮಧ್ಯಾಹ್ನದ ಮೇಲೆ ಹೋಗಿ. ಹೆಸರು, ಫೋನ್ ನಂಬರ್ ಬರೆಸಿಕೊಳ್ಳಬೇಡಿ. ಇದು 1935ರ ಪ್ರಶ್ನೆ, ಇವತ್ತಿನ ಯಾವ ಪಕ್ಷದ್ದೂ ಅಲ್ಲ ಅಂತ ಮೊದಲ ವಾಕ್ಯದಲ್ಲೇ ಹೇಳಿ, ಇಲ್ಲದಿದ್ದರೆ ಅರ್ಧ ತಾಸು ಇವತ್ತಿನ ರಾಜಕೀಯವೇ ಆಗುತ್ತದೆ. ಪ್ರಿನ್ಸಿಪಾಲರ ಒಪ್ಪಿಗೆ ಪತ್ರ ಕಿಸೆಯಲ್ಲಿರಲಿ.

ಕೊನೆಯ ಸುತ್ತು ಚಿಕ್ಕದು. 1932ರ ಫೆಬ್ರವರಿಯಲ್ಲಿ ಜಿನೀವಾದ ವಿಶ್ವ ನಿಶ್ಶಸ್ತ್ರೀಕರಣ ಸಮ್ಮೇಳನಕ್ಕೆ ಹೆಂಗಸರು 80 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಹೊತ್ತು ತಂದಿದ್ದರು. ಅದೇ ಹೊತ್ತಿಗೆ ಜಪಾನ್ ಶಾಂಘೈ ಮೇಲೆ ಬಿದ್ದಿತ್ತು, ಆ ಬಗ್ಗೆ ರಾಷ್ಟ್ರಸಂಘದ ತುರ್ತು ಸಭೆ ನಡೆದದ್ದರಿಂದ ಉದ್ಘಾಟನೆಯೇ ಒಂದು ತಾಸು ತಡವಾಯಿತು. ನೀವು ಬಜಾರಿನಲ್ಲಿ ಕೂಡಿಸಿದ ಮತಗಳ ಗಂಟನ್ನು ಹೊರಗಿನವರು ಇಲ್ಲಿ ಮೇಜಿನ ಮೇಲೆ ತಂದಿಡಲಿ, ಎಣಿಕೆ ಎಲ್ಲರ ಎದುರಿಗೆ ಆಗಲಿ. ಎಣಿಕೆ ಮುಗಿದ ಕೂಡಲೇ ಜಪಾನ್ ತಂಡಕ್ಕೆ ಕೊನೆಯ ಚೀಟಿ: ಎದ್ದು ಹೋಗಿ. 1936ರ ಜನವರಿ 15ರಂದು ಲಂಡನ್ನಿನ ಎರಡನೇ ಸಮ್ಮೇಳನದಿಂದ ಅವರು ಎದ್ದದ್ದು ಹಾಗೇ, ಆ ವರ್ಷದ ಕೊನೆಗೆ ವಾಷಿಂಗ್ಟನ್ ಒಪ್ಪಂದವೂ ಮುಗಿಯಿತು.

ಇಲ್ಲಿ ಹುಡುಗರು, ಹಾಗಾದರೆ ಎಲ್ಲ ವ್ಯರ್ಥ ಅಂತ ಹೇಳಿಬಿಡುತ್ತಾರೆ. ಕೊಡವನ್ನು ಮೇಜಿನ ಮೇಲೆ ಬೋರಲು ಹಾಕಿ ಎಣಿಸಲು ಹೇಳಿ. ಮೊದಲ ಸುತ್ತಿನ ಒಪ್ಪಂದ ನಿಜದಂತೆಯೇ ಆಗಿದ್ದರೆ ಐವತ್ತೈದು ಬೀಜ ಇರಬೇಕು. ಹೆಚ್ಚುಕಮ್ಮಿ ಇದ್ದರೆ ಯಾವ ಪತ್ರದಿಂದ, ಯಾವ ಚೌಕಾಸಿಯಿಂದ ಬದಲಾಯಿತು ಅಂತ ಒಳಗಿನವರೂ ಹೊರಗಿನವರೂ ಕೂತು ಹುಡುಕಲಿ, ಅದಕ್ಕೆ ಮುಕ್ಕಾಲು ತಾಸು ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇಡೀ ದಿನ ಇಲ್ಲ, ಒಂದೇ ಪೀರಿಯಡ್ ಇದೆ ಅಂದರೆ ಉಳಿದದ್ದೆಲ್ಲ ಬಿಟ್ಟು ಮುತ್ಸು ಮತ್ತು ಉಪ್ಪಿನ ಪತ್ರ ಇವೆರಡನ್ನೇ ಆಡಿಸಿ.